ಕರಡಿಯ ಯಕೃತ್ತು

ಧ್ರುವಪ್ರದೇಶದಲ್ಲಿ ಧಾನ್ಯ ಬೆಳೆಯದು. ತಲೆಮಾರುಗಳಿಂದ ಬೇಟೆಯ ಮಾಂಸವೇ ಅಲ್ಲಿನ ಅನ್ನ. ಹಿಮಕರಡಿಯ ಮಾಂಸದಿಂದ ಸಸಾರಜನಕವೂ ಕಬ್ಬಿಣಾಂಶವೂ, ಕೊಬ್ಬಿನಿಂದ ಚಳಿಯನ್ನು ಎದುರಿಸುವ ಶಾಖವೂ ದೊರೆಯುತ್ತವೆ. ಆದರೆ ಅಲ್ಲಿನ ಇನ್ಯುಯಿಟ್ ಜನರು ಅದರ ಯಕೃತ್ತನ್ನು ಮಾತ್ರ ಮುಟ್ಟರು.

ಡಚ್ ನಾವಿಕ ವಿಲೆಮ್ ಬ್ಯಾರೆಂಟ್ಸ್‌ನ ತಂಡಕ್ಕೆ ಇದು ತಿಳಿದಿರಲಿಲ್ಲ. 1596ರಲ್ಲಿ ಅವರ ಹಡಗು ನೊವಾಯಾ ಝೆಮ್ಲ್ಯಾ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಕೊಂಡಿತು. ಚಳಿಗಾಲವನ್ನು ಹೇಗೋ ಕಳೆದವರು, 1597ರ ಬೇಸಗೆಯ ಹೊಸ್ತಿಲಲ್ಲಿ ಕರಡಿಯೊಂದನ್ನು ಕೊಂದು ಅದರ ಯಕೃತ್ತನ್ನು ಬೇಯಿಸಿ ತಿಂದರು. ರುಚಿಯೇನೋ ಚೆನ್ನಾಗಿಯೇ ಇದ್ದಿತಂತೆ! ಎಲ್ಲರೂ ಕಾಯಿಲೆ ಬಿದ್ದರು. ಮೂವರಿಗಂತೂ ಅಡಿಯಿಂದ ಮುಡಿಯವರೆಗೆ ಚರ್ಮವೇ ಸುಲಿದುಹೋಯಿತು.

ಕಾರಣವು ವಿಜ್ಞಾನಿಗಳಿಗೆ ಸ್ಪಷ್ಟವಾದುದು 1943ರಲ್ಲಿ. ಆ ವಿಷವು ಬೇರೇನೂ ಅಲ್ಲ, ಕಣ್ಣಿಗೆ ಹಿತವಾದ ‘ಎ’ ಅನ್ನಾಂಗವೇ! ಸೀಲುಗಳನ್ನು ತಿನ್ನುವ ಕರಡಿಯು ಅದನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ಮನುಷ್ಯನಿಗೆ ದಿನಕ್ಕೆ ಬೇಕಾದುದು ಸುಮಾರು 3,000 ಏಕಮಾನ. ಕರಡಿಯ ಯಕೃತ್ತಿನ ಒಂದೇ ಗ್ರಾಂನಲ್ಲಿ ಕಂಡುಬಂದುದು 13,000ಕ್ಕೂ ಹೆಚ್ಚು.

ಮಾಂಸದಲ್ಲಿ ಈ ಭಯವಿಲ್ಲ. ಅಲ್ಲಿರುವುದು ಟ್ರೈಕಿನೆಲ್ಲಾ ಎಂಬ ಹುಳುವಿನ ಭಯ. ಧ್ರುವಪ್ರದೇಶದ ಈ ಹುಳು ಮಾಂಸವು ಹೆಪ್ಪುಗಟ್ಟಿದರೂ ಸಾಯದು. ಒಳಗಿನವರೆಗೆ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.