ಹುಟ್ಟಿದ ಊರು, ಆಡಿದ ಊರು

ಹೊರನಾಡಿನಲ್ಲಿ ನೆಲೆಸಿದ ನಮಗೆಲ್ಲ ಚಿರಪರಿಚಿತವಾದ ಪ್ರಶ್ನೆಯೊಂದುಂಟು: “ನೀವು ಮೂಲತಃ ಎಲ್ಲಿಯವರು?” ಕೇಂದ್ರ ಸರ್ಕಾರದ ಸೇವೆಯಲ್ಲಿ ವರ್ಗಾವಣೆಗೊಳ್ಳುತ್ತ ಹಲವು ರಾಜ್ಯಗಳ ನೀರು ಕುಡಿದ ನಾನು ಅದಕ್ಕೆ ಉತ್ತರಿಸಿ ದಣಿದಿದ್ದೇನೆ. ಹೈದರಾಬಾದಿನ ಟೆನಿಸ್ ತಾರೆ ಸಾನಿಯಾ ಮಿರ್ಜಾ ಅವರಿಗೂ ಈ ಪ್ರಶ್ನೆ ತಪ್ಪಲಿಲ್ಲ.

2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೆಯ ಸ್ಥಾನಕ್ಕೇರಿದ್ದ ಅವರು, ಗಾಯಗಳಿಂದ ಬಳಲಿ 2013ರಲ್ಲಿ ಡಬಲ್ಸ್ ಆಟವನ್ನೇ ನೆಚ್ಚಿಕೊಂಡರು. ಡಬಲ್ಸ್ ಎಂದರೆ ಎರಡನೆಯ ದರ್ಜೆಯ ಆಟವೆಂಬ ತಾತ್ಸಾರ ನಮ್ಮಲ್ಲಿದೆ. ಅದರ ಬಹುಮಾನದ ಹಣವೂ ಕಡಿಮೆ, ಪತ್ರಿಕೆಗಳಲ್ಲಿ ಸಿಗುವ ಜಾಗವೂ ಕಿರಿದು.

2014ರಲ್ಲಿ ನೂತನ ತೆಲಂಗಾಣ ಸರ್ಕಾರವು ಅವರನ್ನು ರಾಜ್ಯದ ರಾಯಭಾರಿಯಾಗಿ ನೇಮಿಸಿತು. ಒಡನೆಯೇ, ಆಕೆ ಹುಟ್ಟಿದ್ದು ಮಹಾರಾಷ್ಟ್ರದಲ್ಲಿ, ಸೊಸೆಯಾದದ್ದು ಪಾಕಿಸ್ತಾನಕ್ಕೆ ಎಂಬ ಆಕ್ಷೇಪಣೆ ಎದ್ದಿತು. ಮುಂಬೈಯಲ್ಲಿ ಹುಟ್ಟಿದರೂ ಮೂರು ವಾರದ ಕೂಸಾಗಿ ಹೈದರಾಬಾದಿಗೆ ಬಂದವಳು ತಾನು, ತನ್ನ ಪೂರ್ವಿಕರು ಶತಮಾನಕ್ಕೂ ಮಿಗಿಲಾಗಿ ಅಲ್ಲಿಯೇ ಬಾಳಿದವರು ಎಂದು ಆಕೆ ವಿವರಣೆ ನೀಡಬೇಕಾಯಿತು.

ಮರುವರ್ಷ ಏಪ್ರಿಲ್ 13ರಂದು ಆಕೆ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು; ಭಾರತೀಯ ಮಹಿಳೆಯೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಜೊತೆಗಾತಿ ಮಾರ್ಟಿನಾ ಹಿಂಗಿಸ್. ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ, ಸ್ವಿಟ್ಜರ್‌ಲೆಂಡಿನ ಪರವಾಗಿ ಆಡಿದಾಕೆ. 2015ರ ವಿಂಬಲ್ಡನ್ ಅಂತಿಮ ಪಂದ್ಯದ ನಿರ್ಣಾಯಕ ಸೆಟ್ಟಿನಲ್ಲಿ 2-5ರಿಂದ ಹಿಂದಿದ್ದ ಈ ಜೋಡಿ 7-5ರಿಂದ ಗೆದ್ದಿತು. ಅದೇ ವರ್ಷ ಅಮೆರಿಕನ್ ಓಪನ್, 2016ರಲ್ಲಿ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿಗಳೂ ಒಲಿದವು.

ಡಬಲ್ಸ್ ಆಟದಲ್ಲಿ ಇಬ್ಬರ ನಡುವೆ ಬರುವ ಚೆಂಡು ಯಾರದೆಂಬುದನ್ನು ಹುಟ್ಟೂರು ನಿರ್ಧರಿಸುವುದಿಲ್ಲ. ಯಾರು ಸನ್ನದ್ಧರೋ ಅವರು ಹೊಡೆಯಬೇಕು; ಮತ್ತೊಬ್ಬರು ತೆರವಾದ ಜಾಗವನ್ನು ಕಾಯಬೇಕು. ನೆಲೆಸಿದ ನಾಡಿನೊಡನೆ ನಮ್ಮ ಸಂಬಂಧವೂ ಇಂಥದೇ ಅಲ್ಲವೆ?

ಆದರೆ ಆತ್ಮಪರೀಕ್ಷೆಯೂ ಅಗತ್ಯ. ನಮ್ಮನ್ನು ಹೊರಗಿನವರೆಂದಾಗ ನೋಯುವ ನಾವೇ, ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅಲ್ಲಿ ದುಡಿಯುತ್ತಿರುವ ಅನ್ಯಭಾಷಿಕರ ಮೂಲವನ್ನು ಕೆದಕುತ್ತೇವೆ. ಅವರು ಕನ್ನಡ ಕಲಿಯಲೆಂದು ಬಯಸುವುದು ನ್ಯಾಯ. ಕಲಿತ ಮೇಲೂ ಪರಕೀಯರೆನ್ನುವುದು ಅನ್ಯಾಯ. ನಾನೂ ಈ ತಪ್ಪು ಮಾಡಿದ್ದೇನೆ.

2023ರಲ್ಲಿ ಮೆಲ್ಬರ್ನ್‌ನಲ್ಲಿ ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ಆಡಿದಾಗ ಜೊತೆಗಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅವರು ಸೋತರು. ಆದರೂ ಹೈದರಾಬಾದು ಮತ್ತು ಕೊಡಗು ಅಂಗಳದ ಒಂದೇ ಬದಿಯಲ್ಲಿ ನಿಂತಿದ್ದ ಆ ದಿನ ನನಗೆ ಬೇರೊಂದು ಗೆಲುವಾಗಿ ಕಂಡಿತು.