ಅತಿಥಿ ಮುನಿದಾಗ

ಪರರ ಚರ್ಮವನ್ನಾಗಲಿ ಮೂತ್ರಪಿಂಡವನ್ನಾಗಲಿ ತಂದು ರೋಗಿಯ ಮೈಗೆ ಕಸಿಮಾಡಿದರೆ ದೇಹವು ಅದನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲವೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಮಾವಿನ ಗಿಡಕ್ಕೆ ಇನ್ನೊಂದು ಮಾವಿನ ಕಡ್ಡಿಯನ್ನು ಕಟ್ಟಿದರೆ ಅದು ತಕರಾರಿಲ್ಲದೆ ಕೂಡಿಕೊಳ್ಳುತ್ತದೆ. ಮನುಷ್ಯನ ಮೈ ಅಷ್ಟು ಉದಾರಿಯಲ್ಲ. ರಕ್ತದಲ್ಲಿ ಕಾವಲು ತಿರುಗುವ ಬಿಳಿಯ ಕಣಗಳು ಹೊಸದಾಗಿ ಬಂದ ಅಂಗವನ್ನು ಪರಕೀಯವೆಂದು ಗುರುತಿಸಿ, ಮುತ್ತಿಗೆ ಹಾಕಿ, ಕೊನೆಗೆ ಅದನ್ನು ಕೊಂದು ಹಾಕುತ್ತವೆ. ಇದು ಮನೆಯವರು ಅತಿಥಿಯನ್ನು ಹೊರದಬ್ಬುವ ಬಗೆ. ಇದಕ್ಕೆ ತೀರ ವಿಪರೀತವಾದ ಇನ್ನೊಂದು ಬಗೆಯೂ ಉಂಟು. ಅಲ್ಲಿ ಅತಿಥಿಯೇ ಮನೆಯವರ ಮೇಲೆ ಕೈಮಾಡುತ್ತಾನೆ.

ಈ ವಿಪರೀತವು ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಸ್ಥಿಮಜ್ಜೆಯ ಕಸಿಯಲ್ಲಿ. ಎಲುಬಿನ ಒಳಗಿರುವ ಮೆತ್ತನೆಯ ಮಜ್ಜೆಯೇ ರಕ್ತದ ತವರು. ಕೆಂಪು ಕಣಗಳೂ ಬಿಳಿಯ ಕಣಗಳೂ ಅಲ್ಲಿರುವ ಕಾಂಡಕೋಶಗಳಿಂದ, ಎಂದರೆ ಸ್ಟೆಮ್ ಸೆಲ್‌ಗಳಿಂದ, ದಿನವೂ ಹುಟ್ಟಿಬರುತ್ತವೆ. ಲ್ಯುಕೇಮಿಯದಂತಹ ರಕ್ತದ ಕ್ಯಾನ್ಸರ್ ಬೇರೂರಿದಾಗ ವೈದ್ಯರು ಉಗ್ರವಾದ ಔಷಧಗಳಿಂದಲೋ ವಿಕಿರಣದಿಂದಲೋ ರೋಗಿಯ ಮಜ್ಜೆಯನ್ನು ಸುಟ್ಟು, ಆರೋಗ್ಯವಂತನೊಬ್ಬನ ಮಜ್ಜೆಯನ್ನು ನರದ ಮೂಲಕ ಏರಿಸುತ್ತಾರೆ. ನೋಡುವವರಿಗೆ ಅದು ರಕ್ತ ಕೊಟ್ಟಷ್ಟೇ ಸರಳ. ಏರಿಸಿದ ಕಾಂಡಕೋಶಗಳು ತಾವಾಗಿಯೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ನೆಲಸುತ್ತವೆ. ಆದರೆ ಅವುಗಳ ಜೊತೆಯಲ್ಲಿ ದಾನಿಯ ಬಿಳಿಯ ಕಣಗಳೂ ಬರುತ್ತವೆ. ಅವುಗಳಲ್ಲಿ ಟಿ-ಕಣಗಳೆಂಬವು ಪರಕೀಯವನ್ನು ಗುರುತಿಸಿ ಕೊಲ್ಲುವುದರಲ್ಲಿ ನಿಪುಣವಾದವು. ಅವು ಕಣ್ಣು ತೆರೆದು ನೋಡುವುದು ಅಪರಿಚಿತರ ಮನೆಯಲ್ಲಿ. ಸುತ್ತಲಿರುವುದೆಲ್ಲವೂ ಅವಕ್ಕೆ ಶತ್ರುವೇ. ರೋಗಿಯ ಚರ್ಮ ಕೆಂಪಗಾಗಿ ಸುಲಿಯುತ್ತದೆ, ಕರುಳಿನ ಒಳಪೊರೆ ಕಳಚಿ ಭೇದಿಯಲ್ಲಿ ಹೋಗುತ್ತದೆ, ಯಕೃತ್ತು ಕೆಟ್ಟು ಕಾಮಾಲೆ ಏರುತ್ತದೆ. ಕ್ಯಾನ್ಸರನ್ನು ಗೆದ್ದ ರೋಗಿ ತನ್ನನ್ನು ಉಳಿಸಲು ಬಂದ ಕಣಗಳಿಂದಲೇ ಸಾಯುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇದು ಮೊದಲು ಗೊತ್ತಾದದ್ದು ಇಲಿಗಳಲ್ಲಿ. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್, ಲೌಟಿಟ್ ಮೊದಲಾದವರು 1956ರಲ್ಲಿ ಲ್ಯುಕೇಮಿಯ ತಗುಲಿದ ಇಲಿಗಳಿಗೆ ಎಕ್ಸ್-ಕಿರಣ ಹಾಯಿಸಿ ಮಜ್ಜೆಯನ್ನು ತುಂಬಿದರು. ಬೇರೆ ತಳಿಯ ಮಜ್ಜೆ ಪಡೆದ ಇಲಿಗಳಲ್ಲಿ ಕ್ಯಾನ್ಸರ್ ಅಡಗಿತು. ಆದರೆ ಕೆಲವು ವಾರಗಳ ಮೇಲೆ ಅವು ಭೇದಿಯಿಂದ ಸೊರಗಿ, ಬಡಕಲಾಗಿ ಸತ್ತವು. ಸಂಶೋಧಕರು ಇದನ್ನು ‘ಎರಡನೆಯ ರೋಗ’ವೆಂದು ಕರೆದರು. 1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಮನುಷ್ಯರಲ್ಲಿ ಮಜ್ಜೆಯ ಕಸಿಯ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದಾಗ ಆ ರೋಗಿಗಳಲ್ಲಿ ಯಾರೂ ಬಹುಕಾಲ ಬದುಕಿರಲಿಲ್ಲ. ಅನೇಕರು ಈ ದಾರಿಯನ್ನೇ ಕೈಬಿಟ್ಟರು. ಥಾಮಸ್ ಬಿಡಲಿಲ್ಲ, 1990ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ದಾನಿಯೂ ರೋಗಿಯೂ ಎಚ್‌ಎಲ್‌ಎ ಎಂಬ ಗುರುತುಗಳಲ್ಲಿ ಹೊಂದಿಕೆಯಾದರೆ ಅಪಾಯ ಕಡಿಮೆಯಾಗುತ್ತದೆ. ಈ ಗುರುತುಗಳಲ್ಲಿ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವುದರಿಂದ ಒಡಹುಟ್ಟಿದವರೊಬ್ಬರು ಪೂರ್ತಿಯಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೆತ್ತ ತಾಯಿ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾಳೆ. ಒಂದೇ ಮಗುವಿರುವ ಸಂಸಾರಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಈ ಲೆಕ್ಕ ಸಣ್ಣದಲ್ಲ. ಪೂರ್ತಿ ಹೊಂದಿದರೂ ಮುನಿಸು ತಪ್ಪೀತೆಂಬ ಭರವಸೆಯಿಲ್ಲ. ಎಚ್‌ಎಲ್‌ಎಯ ಹೊರಗೂ ಸಣ್ಣಪುಟ್ಟ ವ್ಯತ್ಯಾಸಗಳು ಉಳಿದೇ ಇರುತ್ತವೆ.

ಹಾಗಾದರೆ ದಾನಿಯ ಟಿ-ಕಣಗಳನ್ನು ಸೋಸಿ ತೆಗೆದುಬಿಟ್ಟರಾಗದೆ? ಆ ಪ್ರಯತ್ನವೂ ನಡೆದಿದೆ. ಆಗ ಕಸಿ ನಿಲ್ಲದೆಹೋಗುವುದೂ, ಸೋಂಕುಗಳು ಮುತ್ತುವುದೂ, ಎಲ್ಲಕ್ಕಿಂತ ಕೆಟ್ಟದಾಗಿ ಕ್ಯಾನ್ಸರ್ ಮರಳುವುದೂ ಕಂಡುಬಂದಿತು. ಏಕೆಂದರೆ ರೋಗಿಯ ಚರ್ಮವನ್ನು ಕಚ್ಚುವ ಆ ಕಣಗಳೇ ಮೂಲೆಯಲ್ಲಿ ಅಡಗಿ ಕುಳಿತ ಲ್ಯುಕೇಮಿಯದ ಕಣಗಳನ್ನೂ ಬೇಟೆಯಾಡುತ್ತಿರುತ್ತವೆ. ಮಜ್ಜೆಯ ಕಸಿಯ ಬಲದಲ್ಲಿ ಒಂದು ಪಾಲು ಇರುವುದು ಈ ಕೋಪದಲ್ಲಿಯೇ. ಅದನ್ನು ಪೂರ್ತಿಯಾಗಿ ಅಡಗಿಸಿದರೆ ರೋಗ ಗೆಲ್ಲುತ್ತದೆ. ಹರಿಯಬಿಟ್ಟರೆ ರೋಗಿ ಸೋಲುತ್ತಾನೆ. ಈ ಕ್ಷೇತ್ರದ ವೈದ್ಯರ ಕೆಲಸವೆಲ್ಲ ಈ ಸಪೂರವಾದ ಏಣಿನ ಮೇಲಿನ ನಡಿಗೆ.

ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ಬಂದ ಸೈಕ್ಲೋಸ್ಪೋರಿನ್ ಔಷಧವನ್ನು ಮುನ್ನೆಚ್ಚರಿಕೆಗಾಗಿ ಕೊಡುತ್ತಾರೆ. ಮುನಿಸು ಕಾಣಿಸಿಕೊಂಡಿತೆಂದರೆ ಮೊದಲ ಅಸ್ತ್ರ ಸ್ಟಿರಾಯಿಡ್. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದು ನಾಟುತ್ತದೆ. ಉಳಿದವರಿಗಾಗಿ, ಅದರಲ್ಲಿಯೂ ಕರುಳೂ ಯಕೃತ್ತೂ ಒಟ್ಟಿಗೆ ಕೆಟ್ಟ ನಾಲ್ಕನೆಯ ದರ್ಜೆಯವರಿಗಾಗಿ, ಬಹಳ ಕಾಲ ವೈದ್ಯರ ಬತ್ತಳಿಕೆಯಲ್ಲಿ ಹೇಳಿಕೊಳ್ಳುವಂತಹದೇನೂ ಇರಲಿಲ್ಲ.

ನೆರವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ರಷ್ಯದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960-70ರ ದಶಕಗಳಲ್ಲಿ ಮಜ್ಜೆಯನ್ನು ಗಾಜಿನ ಪಾತ್ರೆಯಲ್ಲಿಟ್ಟು ನೋಡುತ್ತಿದ್ದಾಗ, ರಕ್ತವನ್ನು ಹುಟ್ಟಿಸುವ ಕಣಗಳೆಲ್ಲ ತೇಲುತ್ತಿದ್ದರೂ ಅಪರೂಪದ ಕೆಲವು ಕಣಗಳು ತಳಕ್ಕೆ ಅಂಟಿಕೊಂಡು ಗುಂಪುಗುಂಪಾಗಿ ಬೆಳೆಯುವುದನ್ನು ಗಮನಿಸಿದರು. ಇವು ರಕ್ತವನ್ನು ಹುಟ್ಟಿಸವು, ಎಲುಬನ್ನು ಹುಟ್ಟಿಸಬಲ್ಲವು. ಮಜ್ಜೆಯೊಳಗೆ ರಕ್ತದ ಕಾಂಡಕೋಶಗಳಿಗೆ ಆಸರೆಯ ಚಪ್ಪರ ಹಾಕಿಕೊಡುವುದೇ ಇವುಗಳ ಕೆಲಸ. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಇವಕ್ಕೆ ಮೀಸೆನ್‌ಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟರು. (ಇವು ಅಂಗಗಳನ್ನು ಹೊಸದಾಗಿ ಕಟ್ಟುವುದಕ್ಕಿಂತ ಸಂಕೇತಗಳನ್ನು ಕಳಿಸಿ ಕೆಲಸ ಮಾಡುತ್ತವೆಂದು, ಆ ಹೆಸರನ್ನು ಬದಲಿಸಬೇಕೆಂದು 2017ರಲ್ಲಿ ಒತ್ತಾಯಿಸಿದವರೂ ಅವರೇ! ನಾಮಕರಣ ಮಾಡಿದವರೇ ಹೀಗೆಂದರೂ ಹಳೆಯ ಹೆಸರು ಹೋಗಲಿಲ್ಲ.) ಇವನ್ನು ಇಲ್ಲಿ ಆಸರೆಕಣಗಳೆಂದು ಕರೆಯಬಹುದು.

ಆಸರೆಕಣಗಳಿಗೆ ಒಂದು ವಿಚಿತ್ರ ಗುಣವಿರುವುದು ಈ ಶತಮಾನದ ಆರಂಭದಲ್ಲಿ ತಿಳಿದುಬಂದಿತು. ಇಬ್ಬರು ಅಪರಿಚಿತರ ಬಿಳಿಯ ಕಣಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಅವು ಪರಸ್ಪರ ಕೆರಳಿ ಬೆಳೆಯುತ್ತವೆ. ಆಸರೆಕಣಗಳನ್ನು ನಡುವೆ ಬಿಟ್ಟರೆ ಜಗಳ ತಣ್ಣಗಾಗುತ್ತದೆ. 2002ರಲ್ಲಿ ಬಬೂನ್ ಎಂಬ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ 7 ದಿನಗಳಲ್ಲಿ ಕಳಚಿ ಬೀಳುತ್ತಿದ್ದ ಪರಕೀಯ ಚರ್ಮ ಸುಮಾರು 11 ದಿನ ಉಳಿಯಿತು. ಇನ್ನೊಂದು ಅನುಕೂಲವೂ ಇದ್ದಿತು. ಈ ಕಣಗಳಿಗೆ ಎಚ್‌ಎಲ್‌ಎಯ ಹೊಂದಿಕೆ ಬೇಕಾಗಲಿಲ್ಲ. ಯಾರ ಕಣಗಳಾದರೂ ಆಗಬಹುದಾಗಿದ್ದಿತು.

ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಹುಡಿಂಗೆ ಆಸ್ಪತ್ರೆಯಲ್ಲಿ ಆಗ 9 ವರ್ಷದ ಹುಡುಗನೊಬ್ಬನಿದ್ದನು. ಲ್ಯುಕೇಮಿಯಕ್ಕಾಗಿ, ಸಂಬಂಧಿಯಲ್ಲದ ದಾನಿಯೊಬ್ಬಳ ಮಜ್ಜೆಯನ್ನು ಅವನಿಗೆ ಕಸಿಮಾಡಲಾಗಿತ್ತು. ಗುರುತುಗಳು ಹೊಂದಿದ್ದವು. ಆದರೂ ಅತಿಥಿ ಮುನಿಯಿತು. ನಾಲ್ಕನೆಯ ದರ್ಜೆಯ ರೋಗ ಕರುಳನ್ನೂ ಯಕೃತ್ತನ್ನೂ ಹಿಡಿಯಿತು. ಇದ್ದ ಔಷಧಗಳನ್ನೆಲ್ಲ ಕೊಟ್ಟರೂ ಭೇದಿ ನಿಲ್ಲಲಿಲ್ಲ, ಕಾಮಾಲೆ ಇಳಿಯಲಿಲ್ಲ. ಡಾ. ಕತರೀನ ಲೆ ಬ್ಲಾಂಕ್ ಮತ್ತು ಅವರ ಸಂಗಡಿಗರು ಹುಡುಗನ ತಾಯಿಯ ಮಜ್ಜೆಯಿಂದ ಆಸರೆಕಣಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಅವನ ತೂಕದ ಪ್ರತಿ ಕಿಲೋಗ್ರಾಮಿಗೆ 20 ಲಕ್ಷದಂತೆ ನರದ ಮೂಲಕ ಏರಿಸಿದರು. ಕಸಿಗೆ ದಾನಿಯಾಗಲಾರದೆ ಪಕ್ಕಕ್ಕೆ ಸರಿದಿದ್ದ ತಾಯಿಯ ಮಜ್ಜೆ ಬೇರೊಂದು ಬಾಗಿಲಿನಿಂದ ಮಗನ ಮೈಯನ್ನು ಹೊಕ್ಕಿತು. ಕೆಲವು ದಿನಗಳಲ್ಲಿ ಭೇದಿ ಕಡಿಮೆಯಾಯಿತು, ಕಾಮಾಲೆ ಇಳಿಯಿತು, ಹುಡುಗ ಉಣ್ಣತೊಡಗಿದನು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವನ ರಕ್ತದಲ್ಲಿ ಲ್ಯುಕೇಮಿಯದ ಸುಳಿವು ಮತ್ತೆ ಕಂಡಿತು. ದಾನಿಯ ಕಣಗಳು ಕಾದಾಡಲೆಂದು ವೈದ್ಯರು ಅವನ್ನು ಅಡಗಿಸಿದ್ದ ಔಷಧವನ್ನು ನಿಲ್ಲಿಸಿದರು. ಕೂಡಲೆ ಕರುಳಿನ ರೋಗ ಮರುಕಳಿಸಿತು. ತಾಯಿಯ ಕಣಗಳನ್ನು ಎರಡನೆಯ ಸಲ ಏರಿಸಿದರು. ಎರಡನೆಯ ಸಲವೂ ರೋಗ ತಗ್ಗಿತು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾದಾಗ ಚಿಕಿತ್ಸೆಯಾಗಿ ಒಂದು ವರ್ಷ ಕಳೆದಿದ್ದಿತು, ಹುಡುಗ ಚೆನ್ನಾಗಿದ್ದನು. ಒಬ್ಬನೇ ರೋಗಿಯ ವರದಿಯಿಂದ ವೈದ್ಯಲೋಕ ಇಷ್ಟು ಎಚ್ಚೆತ್ತುಕೊಂಡ ಪ್ರಸಂಗಗಳು ವಿರಳ.

2008ರಲ್ಲಿ ಅದೇ ತಂಡ ಯೂರೋಪಿನ ಹಲವು ಆಸ್ಪತ್ರೆಗಳೊಡನೆ ಸೇರಿ, ಸ್ಟಿರಾಯಿಡ್‌ಗೆ ಬಗ್ಗದ 55 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿತು. 30 ಮಂದಿಯಲ್ಲಿ ರೋಗ ಪೂರ್ತಿಯಾಗಿ ಶಮನವಾಗಿದ್ದಿತು, 9 ಮಂದಿಯಲ್ಲಿ ಸುಧಾರಿಸಿದ್ದಿತು. ಬಹುಪಾಲು ಕಣಗಳು ಹೊಂದಿಕೆಯಿಲ್ಲದ ಹೊರಗಿನವರಿಂದ ಬಂದವು. ಆದರೆ ಈ ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಅಮೆರಿಕದ ಕಂಪನಿಯೊಂದರ ದೊಡ್ಡ ಪರೀಕ್ಷೆ. ಫಲಿತಾಂಶ 2009ರಲ್ಲಿ ಹೊರಬಿದ್ದಾಗ ಉತ್ಸಾಹಿಗಳ ಮುಖ ಬಾಡಿತು. 260 ರೋಗಿಗಳಲ್ಲಿ, ಕಣಗಳನ್ನು ಪಡೆದವರಲ್ಲಿ ಶೇಕಡ 35 ಮಂದಿಗೆ ಬಾಳಿಕೆಯ ಪೂರ್ಣ ಶಮನ ದೊರೆತಿದ್ದರೆ, ಬರಿಯ ದ್ರವ ಪಡೆದವರಲ್ಲಿಯೂ ಶೇಕಡ 30 ಮಂದಿಗೆ ದೊರೆತಿದ್ದಿತು. ಇದನ್ನು ಗೆಲುವೆನ್ನಲಾಗದು. ಪಟ್ಟಿಯನ್ನು ಮತ್ತೆ ಮತ್ತೆ ತಿರುವಿ ನೋಡಿದವರಿಗೆ ಅದರಲ್ಲಿದ್ದ ಬೆರಳೆಣಿಕೆಯ ಮಕ್ಕಳು ಹೆಚ್ಚು ಚೇತರಿಸಿಕೊಂಡದ್ದು ಕಂಡಿತು.

ಒಬ್ಬನಿಗೆ ನಾಟುವ ಮದ್ದು ಇನ್ನೊಬ್ಬನಿಗೆ ಏಕೆ ನಾಟದು? ಲಂಡನ್ನಿನ ಕಿಂಗ್ಸ್ ಕಾಲೇಜಿನ ಫ್ರಾನ್ಚೆಸ್ಕೊ ದಾತ್ಸಿ ಅವರ ತಂಡ 2017ರಲ್ಲಿ ಕೊಟ್ಟ ವಿವರಣೆ ಬಲು ಸೋಜಿಗದ್ದು. ಏರಿಸಿದ ಆಸರೆಕಣಗಳು ಬಹುಕಾಲ ಬಾಳುವುದಿಲ್ಲ. ರೋಗಿಯ ಮೈಯಲ್ಲಿರುವ ಕೊಲೆಗಾರ ಕಣಗಳೇ ಅವನ್ನು ಕೊಲ್ಲುತ್ತವೆ. ಸತ್ತ ಕಣಗಳನ್ನು ದೇಹದ ಝಾಡಮಾಲಿಗಳಾದ ಭಕ್ಷಕ ಕಣಗಳು ನುಂಗುತ್ತವೆ. ನುಂಗಿದ ಬಳಿಕ ಐಡಿಒ ಎಂಬ ಕಿಣ್ವವನ್ನು ತಯಾರಿಸತೊಡಗುತ್ತವೆ. ಆ ಕಿಣ್ವವೇ ಕೆರಳಿದ ಕಣಗಳನ್ನು ತಣಿಸುವಂತಹದು. ಎಂದರೆ ಆಸರೆಕಣಗಳು ಬದುಕಿ ಮಾಡುವ ಉಪಕಾರಕ್ಕಿಂತ ಸತ್ತು ಮಾಡುವ ಉಪಕಾರವೇ ದೊಡ್ಡದು! ಯಾವ ರೋಗಿಯ ರಕ್ತದಲ್ಲಿ ಅವನ್ನು ಕೊಲ್ಲುವ ಶಕ್ತಿ ಹೆಚ್ಚಾಗಿದ್ದಿತೋ ಅವನೇ ಗುಣಹೊಂದುತ್ತಿದ್ದನು, ಕೊಲ್ಲಲಾರದವನಿಗೆ ಪ್ರಯೋಜನವಾಗುತ್ತಿರಲಿಲ್ಲ. ರಕ್ತವನ್ನು ಮೊದಲೇ ಪರೀಕ್ಷಿಸಿ, ಯಾರಿಗೆ ಈ ಚಿಕಿತ್ಸೆ ಹಿಡಿದೀತೆಂದು ಹೇಳಲು ಇದರಿಂದ ದಾರಿಯೊಂದು ತೆರೆಯಿತು.

ಔಷಧದ ಹಕ್ಕು ಆಸ್ಟ್ರೇಲಿಯದ ಮೀಸೊಬ್ಲಾಸ್ಟ್ ಕಂಪನಿಯ ಪಾಲಾಯಿತು. ಜಪಾನ್ ಸರಕಾರ 2015ರಲ್ಲಿಯೇ ಈ ಬಗೆಯ ಕಣಗಳಿಗೆ ಅನುಮತಿಯಿತ್ತಿದ್ದಿತು. ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕಾಗದಗಳನ್ನು ಹಿಂದಿರುಗಿಸಿ, 2024ರ ಡಿಸೆಂಬರ್ 18ರಂದು ಒಪ್ಪಿಗೆ ಕೊಟ್ಟರು. ಅದೂ ಸ್ಟಿರಾಯಿಡ್‌ಗೆ ಬಗ್ಗದ, 2 ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ. 54 ಮಕ್ಕಳಲ್ಲಿ ಶೇಕಡ 70 ಮಂದಿ 28 ದಿನಗಳೊಳಗೆ ಸ್ಪಂದಿಸಿದ್ದುದು ಈ ಒಪ್ಪಿಗೆಗೆ ಆಧಾರ. ವಾರಕ್ಕೆ 2 ಸಲದಂತೆ 4 ವಾರ ಕಣಗಳನ್ನು ಏರಿಸಬೇಕು. ಒಂದು ಸಲಕ್ಕೆ ಕಂಪನಿ ಗೊತ್ತುಮಾಡಿದ ಬೆಲೆ 1,94,000 ಡಾಲರ್. 8 ಸಲಕ್ಕೆ ಎಷ್ಟಾದೀತೆಂದು ಮನೆಯ ಯಜಮಾನರು ಲೆಕ್ಕ ಹಾಕಿದರೆ ನಮ್ಮ ರೂಪಾಯಿಯಲ್ಲಿ 13 ಕೋಟಿಗೂ ಮೇಲಾಗುತ್ತದೆ. ದಾನವಾಗಿ ಬಂದ ಮಜ್ಜೆಯ ಒಂದು ಬೊಗಸೆ ಇಷ್ಟು ಬಾಳುವುದೆಂಬುದು ಹುಬ್ಬೇರಿಸಬೇಕಾದ ಮಾತೇ.

ಭಾರತದಲ್ಲಿ ಸ್ಟೆಮ್ ಸೆಲ್ ಎಂಬ ಹೆಸರು ಮಾತ್ರ ಎಲ್ಲೆಡೆ ಅಗ್ಗವಾಗಿ ಕೇಳಿಬರುತ್ತದೆ. ಮಂಡಿನೋವಿನಿಂದ ಬುದ್ಧಿಮಾಂದ್ಯದವರೆಗೆ ಎಲ್ಲಕ್ಕೂ ಅದೇ ಮದ್ದೆಂದು ಜಾಹೀರಾತು ನೀಡುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ನಿಯಮಾವಳಿಯಂತೆ, ರಕ್ತದ ರೋಗಗಳಿಗೆ ಮಾಡುವ ಮಜ್ಜೆಯ ಕಸಿಯೇ ಮಾನ್ಯವಾದ ಚಿಕಿತ್ಸೆ. ಉಳಿದುವನ್ನು ಅನುಮತಿ ಪಡೆದ ಪರೀಕ್ಷೆಗಳಲ್ಲಿ ಮಾತ್ರ ಮಾಡಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮಜ್ಜೆಯ ಆಸರೆಕಣಗಳಿಂದಲೇ ಔಷಧವೊಂದನ್ನು ತಯಾರಿಸಿರುವುದು ನಿಜ. ಆದರೆ ಅದಕ್ಕೆ 2016ರಲ್ಲಿ ಮಿತವಾದ ಅನುಮತಿ ದೊರೆತದ್ದು ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುವ ಬರ್ಜರ್ ರೋಗಕ್ಕೆ, ಕಸಿಯ ಮುನಿಸಿಗಲ್ಲ.

ಈ ನಡುವೆ ಬಡವರ ಕೈಗೆ ಎಟಕುವ ಇನ್ನೊಂದು ದಾರಿ ಬೇರೆ ದಿಕ್ಕಿನಿಂದ ಬಂದಿದೆ. ಸೈಕ್ಲೋಫಾಸ್ಫಮೈಡ್ ಎಂಬುದು 1950ರ ದಶಕದ ಹಳೆಯ ಕ್ಯಾನ್ಸರ್ ಔಷಧ, ಬೆಲೆ ಅಗ್ಗ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಅದನ್ನು ಕಸಿಯಾದ ಮೂರನೆಯ, ನಾಲ್ಕನೆಯ ದಿನಗಳಲ್ಲಿ ಕೊಟ್ಟು ನೋಡಿದರು. ಪರಕೀಯರನ್ನು ಕಂಡು ಕೆರಳಿದ ಟಿ-ಕಣಗಳು ಆ ಹೊತ್ತಿಗೆ ಭರದಿಂದ ಬೆಳೆಯುತ್ತಿರುತ್ತವೆ. ಔಷಧ ತಾಗುವುದು ಅವಕ್ಕೇ. ರಕ್ತದ ಕಾಂಡಕೋಶಗಳಲ್ಲಿ ಈ ಔಷಧವನ್ನು ಅರಗಿಸುವ ಕಿಣ್ವವೊಂದು ಧಾರಾಳವಾಗಿರುವುದರಿಂದ ಅವು ಪಾರಾಗುತ್ತವೆ. 431 ಮಂದಿ ರೋಗಿಗಳ ಪರೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ತೀವ್ರ ಮುನಿಸಾಗಲಿ ಕ್ಯಾನ್ಸರಿನ ಮರುಕಳಿಕೆಯಾಗಲಿ ಇಲ್ಲದೆ ಒಂದು ವರ್ಷ ಕಳೆದವರು ಈ ಔಷಧ ಪಡೆದವರಲ್ಲಿ ಶೇಕಡ 53ರಷ್ಟಿದ್ದರೆ, ಹಳೆಯ ಪದ್ಧತಿಯಲ್ಲಿ ಶೇಕಡ 35 ಮಾತ್ರ. ಅರ್ಧ ಹೊಂದಿಕೆಯ ದಾನಿಗಳ ಮಜ್ಜೆಯನ್ನು ಧೈರ್ಯವಾಗಿ ಬಳಸಲು ಸಾಧ್ಯವಾದದ್ದೂ ಇದರಿಂದಲೇ. ಭಾರತದ ಆಸ್ಪತ್ರೆಗಳಲ್ಲಿಯೂ ಈಗ, ಒಡಹುಟ್ಟಿದವರಿಲ್ಲದ ಮಗುವಿಗೆ ತಂದೆಯನ್ನೋ ತಾಯಿಯನ್ನೋ ದಾನಿಯಾಗಿ ಮಲಗಿಸಿ ಮಜ್ಜೆ ತೆಗೆಯುತ್ತಾರೆ.