ಹಳದಿ ಬೆಲ್ಟೂ ಮೊಮ್ಮಗಳ ಮಣಿಕಟ್ಟೂ

ಕಳೆದ ಬೇಸಿಗೆಯಲ್ಲಿ ಹನ್ನೆರಡರ ಮೊಮ್ಮಗಳು ಕರಾಟೆಯ ಹಳದಿ ಬೆಲ್ಟ್ ತೋರಿಸಿ, "ಇನ್ನು ನನಗೆ ಯಾರ ಭಯವೂ ಇಲ್ಲ ತಾತ" ಎಂದಳು. ನಾನು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಮಂಡಿನೋವಿನ ಈ ಮುದುಕನ ಹಿಡಿತವನ್ನು ಅವಳು ಬಿಡಿಸಿಕೊಳ್ಳಲಾರದೆ ಹೋದಳು. "ಹೀಗಲ್ಲ ತಾತ, ನಾನು ಕೈ ತಿರುಗಿಸಿದ ಕೂಡಲೇ ನೀವು ಬಿಟ್ಟುಬಿಡಬೇಕು!"

ನನ್ನ ತಕರಾರು ಇರುವುದು ಈ ಒಪ್ಪಂದದ ಮೇಲೆಯೇ. ಬಿ.ಎಡ್. ಓದುವಾಗ ನಾವು ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಪಾಠ ಮಾಡುತ್ತಿದ್ದೆವು. ಅವರು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಿದ್ದರು. ಎಂಟನೆಯ ತರಗತಿಯ 'ಬಿ' ವಿಭಾಗವನ್ನು ಹೊಕ್ಕ ದಿನ ನನ್ನ ವಿದ್ಯೆಯ ಅಳತೆ ತಿಳಿಯಿತು. (ನಿಮ್ಮಲ್ಲಿ ಕೆಲವರು ಅಂದು ಅಲ್ಲೇ ಕುಳಿತಿದ್ದಿರಿ!)

"ನಮ್ಮ ಪಟ್ಟುಗಳು ಮಾರಕ, ಆದ್ದರಿಂದ ನಿಜವಾಗಿ ಪ್ರಯೋಗಿಸುವಂತಿಲ್ಲ" ಎನ್ನುವ ಗುರುಗಳಿದ್ದಾರೆ. ಪ್ರಯೋಗಿಸದ ಪಟ್ಟು ಮಾರಕವೆಂದು ಅವರಿಗೆ ತಿಳಿದದ್ದಾದರೂ ಹೇಗೆ? 1882ರಲ್ಲಿ ಟೋಕಿಯೋದ ದೇಗುಲವೊಂದರಲ್ಲಿ ಜೂಡೋ ಶಾಲೆ ತೆರೆದ ಜಿಗೊರೊ ಕಾನೊ, ನಮ್ಮಂತೆಯೇ ಅಧ್ಯಾಪಕರು, ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಅಪಾಯದ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟು, ಉಳಿದವನ್ನು ಬಗ್ಗದ ಎದುರಾಳಿಯ ಮೇಲೆ ಪೂರ್ಣ ಬಲದಿಂದ ಅಭ್ಯಾಸ ಮಾಡಿಸಿದರು. ನಮ್ಮ ಗರಡಿಮನೆಯ ಮಣ್ಣಿನಲ್ಲೂ ಅಷ್ಟೇ: ಬೀಳಲೊಪ್ಪದವನನ್ನು ಬೀಳಿಸಬೇಕು. ಕರಾಟೆಯಲ್ಲೂ ಮೈಮುಟ್ಟಿ ಹೊಡೆದಾಡಿಸುವ ಪಂಥಗಳುಂಟು. ಹೆಸರಿಗಿಂತ ಅಭ್ಯಾಸಕ್ರಮ ಮುಖ್ಯ.

ಚಾಕು ಹಿಡಿದವನೆದುರು ಇವೆಲ್ಲವೂ ಅಲ್ಪವೇ, ಓಡುವುದೇ ವಿವೇಕ. ಆದರೆ ತನಗೆ ವಿದ್ಯೆ ಬಂದಿದೆಯೆಂದು ನಂಬಿದ ಮಗು ಓಡುವುದಿಲ್ಲ. ನನ್ನ ನಿದ್ದೆಗೆಡಿಸಿರುವುದು ಅದು.

"ಬಿಡಲೊಪ್ಪದವರ ಜೊತೆ ಎಂದು ಅಭ್ಯಾಸ ಮಾಡಿಸುವಿರಿ?" ಎಂದು ಮಗಳು ಆ ಗುರುಗಳನ್ನು ಕೇಳಿದಳು. ಅವರು ಮುಂದಿನ ಬೆಲ್ಟಿನ ಪರೀಕ್ಷಾ ಶುಲ್ಕವೆಷ್ಟೆಂದು ತಿಳಿಸಿದರಂತೆ.